ಸ್ವಿಚ್ ನಡೆಯುತ್ತಿದೆ, ಮಾನಿಟರ್ ಮಾತ್ರ ಡೌನ್ ಅನ್ನುತ್ತಿದೆ: ಎಲ್ಲಿಂದ ಹುಡುಕಬೇಕು?

ಮಾನಿಟರಿಂಗ್ ಪರದೆಯಲ್ಲಿ ಒಂದು ಸ್ವಿಚ್ ಕೆಂಪಾಗಿದೆ. ಆದರೆ ಅದೇ ಸ್ವಿಚ್‌ಗೆ ಸೇರಿದ ಕಂಪ್ಯೂಟರ್‌ಗಳಲ್ಲಿ ಕೆಲಸ ಎಂದಿನಂತೆ ಸಾಗಿದೆ. ಇಲ್ಲವೇ ಹೊಸದಾಗಿ ಹಾಕಿದ ಆಕ್ಸೆಸ್ ಪಾಯಿಂಟ್ ವಾರ ಕಳೆದರೂ ಪಟ್ಟಿಗೆ ಬಂದಿಲ್ಲ. ಇಲ್ಲವೇ ಗ್ರಂಥಾಲಯದಲ್ಲಿರುವ ಪ್ರಿಂಟರ್ ನಕ್ಷೆಯಲ್ಲಿ ಆಡಳಿತ ಕಟ್ಟಡದ ಸ್ವಿಚ್‌ಗೆ ಅಂಟಿಕೊಂಡಿದೆ. ದೂರು ಮೂರು ಬಗೆಯಾದರೂ ಬೇರು ಬಹುಪಾಲು ಒಂದೇ. ಟೂಲ್ ಏನೋ ಕೇಳಿತು. ಉತ್ತರ ಬರಲಿಲ್ಲ, ಅಥವಾ ಹಳೆಯ ಉತ್ತರ ಬಂತು, ಅಥವಾ ಬೇರೆ ಯಾರದ್ದೋ ಉತ್ತರ ಬಂತು. ಕೆಂಪು ಗುರುತು ಹೇಳುವುದು ‘ನಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ’ ಎಂದಷ್ಟೇ. ಅದರಾಚೆ ಅದಕ್ಕೆ ಏನೂ ಗೊತ್ತಿಲ್ಲ.

ಆದ್ದರಿಂದ ಸ್ವಿಚ್ ಹತ್ತಿರ ಓಡುವ ಮೊದಲು ಕುಳಿತಲ್ಲೇ ಒಂದು ವಿಷಯ ತಿಳಿದುಕೊಳ್ಳಿ. ಯಾವ ವಿಳಾಸದಿಂದ, ಯಾವ ಪ್ರಶ್ನೆ ಹೋಯಿತು, ಉತ್ತರ ಯಾವ ಹಂತದಲ್ಲಿ ತಪ್ಪಿತು? ಈ ಕೈಪಿಡಿ ಪೂರ್ತಿ ಅದರ ಬೆನ್ನು ಹತ್ತುತ್ತದೆ. ಉದಾಹರಣೆಗಳು ಕ್ಯಾಂಪಸ್ ನೆಟ್‌ವರ್ಕ್‌ನವು: ಹಲವು ಕಟ್ಟಡ, ನಡುವೆ ಫೈಬರ್, ಪ್ರತಿ ಮಹಡಿಗೆ ಒಂದೆರಡು ಸ್ವಿಚ್, ಮೇಲ್ವಿಚಾರಣೆಗೆ ಲಿಬ್ರೆಎನ್‌ಎಂಎಸ್ ಅಥವಾ ಜ್ಯಾಬಿಕ್ಸ್‌ನಂಥ ತೆರೆದ ತಂತ್ರಾಂಶ. ಬೇರೆ ಟೂಲ್ ಇದ್ದರೂ ಒಳಗೆ ನಡೆಯುವುದು ಇದೇ.

ಒಂದೇ ಕೆಂಪಾಗಿದೆಯೋ, ಎಲ್ಲವೂ ಕೆಂಪಾಗಿವೆಯೋ?

ಮೊದಲು ನೋಡಬೇಕಾದದ್ದು ಇದು. ಇಡೀ ಪಟ್ಟಿ ಒಂದೇ ನಿಮಿಷದಲ್ಲಿ ಕೆಂಪಾದರೆ ನೂರು ಸ್ವಿಚ್ ಒಟ್ಟಿಗೆ ಕೆಟ್ಟಿರಲಾರವು. ಕೆಟ್ಟಿರುವುದು ಕೇಳುವವನದ್ದೇ. ಮಾನಿಟರಿಂಗ್ ಸರ್ವರ್‌ನ ನೆಟ್‌ವರ್ಕ್ ಕಾರ್ಡ್, ಅದರ ಗೇಟ್‌ವೇ, ತುಂಬಿಹೋದ ಡಿಸ್ಕ್, ಇಷ್ಟನ್ನು ನೋಡಿ. ಇವೆಲ್ಲ ಸರಿ ಇದ್ದರೂ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಪುಟ್ಟ ಪ್ಯಾಕೆಟ್) ವಿಫಲ ಅಂತ ಬರುತ್ತಿದ್ದರೆ ಎಫ್‌ಪಿಂಗ್ ಅನುಮತಿಯ ಕಡೆ ಗಮನ ಕೊಡಿ. ಈ ಎರಡೂ ಟೂಲ್‌ಗಳು ಪಿಂಗ್ ಮಾಡಲು ಎಫ್‌ಪಿಂಗ್ ಎಂಬ ಪ್ರೋಗ್ರಾಂ ಬಳಸುತ್ತವೆ. ಪಿಂಗ್ ಬಳಸುವ ಐಸಿಎಂಪಿ ಎಂಬ ಬಗೆಯ ಪ್ಯಾಕೆಟ್ ಕಳಿಸಲು ಅದಕ್ಕೆ ವಿಶೇಷ ಅನುಮತಿ ಬೇಕು. ಸರ್ವರ್ ಅಪ್‌ಡೇಟ್ ಆದಾಗ ಕೆಲವೊಮ್ಮೆ ಆ ಅನುಮತಿ ಅಳಿಸಿಹೋಗುತ್ತದೆ. ನೀವು ರೂಟ್ (ಎಲ್ಲ ಅನುಮತಿ ಇರುವ ಬಳಕೆದಾರ) ಆಗಿ ಲಾಗಿನ್ ಆಗಿ ಪಿಂಗ್ ಕೊಟ್ಟರೆ ಚೆನ್ನಾಗಿ ಓಡುತ್ತದೆ, ಟೂಲ್ ತನ್ನ ಬಳಕೆದಾರನ ಹೆಸರಲ್ಲಿ ಓಡಿಸಿದರೆ ಓಡುವುದಿಲ್ಲ. ಆದ್ದರಿಂದ ಪರೀಕ್ಷೆ ಯಾವಾಗಲೂ ಮಾನಿಟರಿಂಗ್ ಸರ್ವರ್‌ನಿಂದಲೇ, ಟೂಲ್ ಓಡುವ ಬಳಕೆದಾರನಾಗಿಯೇ ಮಾಡಬೇಕು. ನಿಮ್ಮ ಲ್ಯಾಪ್‌ಟಾಪ್‌ನಿಂದ ‘ನಂಗೆ ಪಿಂಗ್ ಬರ್ತಿದೆಯಲ್ಲ’ ಅಂದರೆ ಏನೂ ಸಾಬೀತಾಗುವುದಿಲ್ಲ. ಲ್ಯಾಪ್‌ಟಾಪ್ ಬೇರೆ ವಿಲ್ಯಾನ್‌ನಲ್ಲಿದೆ (ಅದೇ ಸ್ವಿಚ್‌ಗಳೊಳಗೆ ಬೇರ್ಪಡಿಸಿದ ನೆಟ್‌ವರ್ಕ್), ಬೇರೆ ದಾರಿಯಲ್ಲಿ ಹೋಗುತ್ತದೆ, ಬೇರೆ ಫೈರ್‌ವಾಲ್ ನಿಯಮಕ್ಕೆ ಒಳಪಡುತ್ತದೆ.

ಒಂದು ಕಟ್ಟಡ ಪೂರ್ತಿ ಕೆಂಪಾದರೆ ಆ ಕಟ್ಟಡದ ಬಾಯಿಯಲ್ಲಿರುವ ಸ್ವಿಚ್, ಅದರ ಫೈಬರ್, ಅದರ ಯುಪಿಎಸ್ ನೋಡಿ. ಇಂಥ ಹೊತ್ತಿನಲ್ಲಿ 40 ಅಲರ್ಟ್ ಬಂದು ಮೊಬೈಲ್ ಬಡಿದುಕೊಳ್ಳುತ್ತದೆ, ನಿಜವಾದ ಒಂದು ಅದರೊಳಗೆ ಮುಳುಗಿಹೋಗುತ್ತದೆ. ಇದಕ್ಕೆ ಔಷಧ ಹಳೆಯದೇ. ಯಾವ ಸ್ವಿಚ್‌ನ ಹಿಂದೆ ಯಾವುದಿದೆ ಎಂದು ಟೂಲ್‌ಗೆ ಹೇಳಿಕೊಡಬೇಕು. ಇಂಥದ್ದೇ ಇನ್ನೊಂದು ಟೂಲ್ ಆದ ನಾಗಿಯೋಸ್ ಇದನ್ನು ‘ಪೇರೆಂಟ್’ ಅನ್ನುತ್ತದೆ. ಪೇರೆಂಟ್ ಬಿದ್ದಾಗ ಅದರ ಹಿಂದಿನವು ‘ಡೌನ್’ ಆಗದೆ ‘ತಲುಪಲಾಗುತ್ತಿಲ್ಲ’ ಅನ್ನುವ ಸ್ಥಿತಿಗೆ ಹೋಗುತ್ತವೆ. ಈ ಸಂಬಂಧ ತುಂಬಿಸುವುದು ಬೇಸರದ ಕೆಲಸ, ನಿಜ. ಆದರೆ ರಾತ್ರಿ ಕರೆಂಟ್ ಹೋದಾಗ ಕರೆ ಎತ್ತುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಒಂದೇ ಒಂದು ಡಿವೈಸ್ ಕೆಂಪಾಗಿದ್ದರೆ ಮುಂದೆ ಓದಿ.

ಪಿಂಗ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೈಕ್ ಮುಸ್ 1983ರ ಡಿಸೆಂಬರ್‌ನಲ್ಲಿ ಪಿಂಗ್ ಬರೆದರು. ಇಂದಿಗೂ ಬಹುಪಾಲು ಡಿಸ್ಕವರಿಯ, ಅಂದರೆ ಟೂಲ್ ತಾನಾಗಿ ಸಾಧನಗಳನ್ನು ಹುಡುಕುವ ಕೆಲಸದ, ಮೊದಲ ಹೆಜ್ಜೆ ಅದೇ. ಆದರೆ ಉತ್ತರ ಕೊಡದಂತೆ ತಡೆಯುವುದು ಬಹಳ ಸುಲಭ. ವಿಂಡೋಸ್ ಕಂಪ್ಯೂಟರ್ ‘ಪಬ್ಲಿಕ್’ ಪ್ರೊಫೈಲ್‌ನಲ್ಲಿದ್ದರೆ ತಾನಾಗಿಯೇ ಪಿಂಗ್‌ಗೆ ಸುಮ್ಮನಿರುತ್ತದೆ. ಕಟ್ಟಡಗಳ ನಡುವಿನ ಫೈರ್‌ವಾಲ್ ಐಸಿಎಂಪಿ ಬಿಡದಿರಬಹುದು.

ಡಿವೈಸ್ ನಿಜಕ್ಕೂ ಇದೆಯೇ ಅಂತ ತಿಳಿಯಲು ಅದೇ ಸಬ್‌ನೆಟ್‌ನಲ್ಲಿ (ರೂಟರ್ ದಾಟದೆ ತಲುಪಬಹುದಾದ ಐಪಿಗಳ ಗುಂಪು) ನಿಂತು ಎಆರ್‌ಪಿ ಮೂಲಕ ಕೇಳಿ. ‘ಈ ಐಪಿ ಯಾರದ್ದು, ನಿನ್ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಯಾವುದು’ ಎಂಬ ಪ್ರಶ್ನೆ ಅದು. 1982ರಿಂದ ಬಳಕೆಯಲ್ಲಿರುವ ಈ ಪ್ರೋಟೋಕಾಲ್‌ಗೆ ಉತ್ತರ ಕೊಡದೆ ಯಾವ ಐಪಿವಿ4 ಸಾಧನವೂ ಎತರ್‌ನೆಟ್‌ನಲ್ಲಿ ಬಾಳುವೆ ಮಾಡಲಾರದು. ಪಿಂಗ್ ತಡೆದಿರುವ ಕಂಪ್ಯೂಟರ್ ಕೂಡ ಎಆರ್‌ಪಿಗೆ ಉತ್ತರಿಸುತ್ತದೆ. ನೆಟ್‌ವರ್ಕ್ ತಟ್ಟಿ ನೋಡುವ ಎನ್‌ಮ್ಯಾಪ್ ಎಂಬ ಪ್ರೋಗ್ರಾಂ ಸ್ಥಳೀಯ ಸಬ್‌ನೆಟ್‌ನಲ್ಲಿ ರೂಟ್ ಆಗಿ ಓಡಿದಾಗ ತಾನಾಗಿಯೇ ಎಆರ್‌ಪಿ ಬಳಸುತ್ತದೆ. ಅದೇ ರೂಟರ್ ದಾಟಿ ಹೋದರೆ ಎಆರ್‌ಪಿ ಬರುವುದಿಲ್ಲ. ಆಗ ಐಸಿಎಂಪಿ ಜೊತೆಗೆ 443 ಮತ್ತು 80ನೇ ಟಿಸಿಪಿ ಪೋರ್ಟ್‌ಗಳನ್ನೂ ತಟ್ಟಿ ನೋಡುತ್ತದೆ. ಹಾಗಾಗಿ ಒಂದೇ ಸಬ್‌ನೆಟ್ ಅನ್ನು ಎರಡು ಕಡೆಯಿಂದ ಸ್ಕ್ಯಾನ್ ಮಾಡಿದರೆ ಎರಡು ಬೇರೆ ಪಟ್ಟಿ ಬರುವುದು ಸಹಜ. ಅದನ್ನು ನೋಡಿ ಗಾಬರಿ ಬೇಡ.

ಎಆರ್‌ಪಿ ನೋಡುವಾಗ ಇನ್ನೊಂದು ಕಣ್ಣಿಗೆ ಬೀಳಬಹುದು. ಒಂದೇ ಐಪಿಗೆ ಒಮ್ಮೆ ಒಂದು ಮ್ಯಾಕ್ ವಿಳಾಸ, ಇನ್ನೊಮ್ಮೆ ಇನ್ನೊಂದು. ಅಂದರೆ ಯಾರೋ ಅದೇ ಐಪಿಯನ್ನು ಕೈಯಾರೆ ಹಾಕಿಕೊಂಡಿದ್ದಾರೆ. ಮಾನಿಟರ್‌ನಲ್ಲಿ ಆ ಡಿವೈಸ್ ಗಂಟೆಗೊಮ್ಮೆ ಬಿದ್ದು ಎದ್ದು ಆಡುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಆದರೆ ಆ ಮ್ಯಾಕ್ 00:00:5ಇ:00:01 ಎಂದು ಶುರುವಾದರೆ ಅದು ವಿಆರ್‌ಆರ್‌ಪಿಯ ಹಂಚಿಕೆಯ ವಿಳಾಸ. ಎರಡು ರೂಟರ್ ಸೇರಿ ಹೊತ್ತಿರುವ ಐಪಿ ಅದು, ತಪ್ಪೇನಿಲ್ಲ. ಅದನ್ನು ಮಾತ್ರ ಪ್ರತ್ಯೇಕ ಡಿವೈಸ್ ಆಗಿ ಪಟ್ಟಿಗೆ ಸೇರಿಸಬೇಡಿ. ಇವತ್ತು ಒಂದು ರೂಟರ್ ಹೆಸರು ತೋರಿಸುತ್ತದೆ, ನಾಳೆ ಇನ್ನೊಂದರದ್ದು.

ಐಪಿವಿ6 ಇದ್ದ ಕಡೆ ಇಡೀ ಸಬ್‌ನೆಟ್ ತಟ್ಟಿ ನೋಡುವ ಯೋಚನೆಯನ್ನೇ ಬಿಡಿ. ಒಂದು /64 ಸಬ್‌ನೆಟ್‌ನ ಎಲ್ಲ ವಿಳಾಸಗಳನ್ನು ಸೆಕೆಂಡಿಗೆ 10 ಲಕ್ಷದಂತೆ ಕೇಳಿದರೂ ಮುಗಿಯಲು 5 ಲಕ್ಷ ವರ್ಷ ಮೀರುತ್ತದೆ. ಅಲ್ಲಿ ರೂಟರ್‌ನ ನೆರೆಯವರ ಟೇಬಲ್ ಓದುವುದೇ ದಾರಿ.

ಪಿಂಗ್ ಬರುತ್ತದೆ, ಎಸ್‌ಎನ್‌ಎಂಪಿ ಬರುವುದಿಲ್ಲ

ಜಾಸ್ತಿ ಸಮಯ ತಿನ್ನುವುದು ಈ ಜಾಗ. ಕಾರಣ, ಸಾಧನದ ಹೆಸರು, ಪೋರ್ಟ್, ಎಣಿಕೆ ಕೇಳಿ ಪಡೆಯುವ ಎಸ್‌ಎನ್‌ಎಂಪಿ ಪ್ರೋಟೋಕಾಲ್, ತಲುಪಿದ್ದಕ್ಕೆ ಖಾತ್ರಿ ಕೊಡದ ಯುಡಿಪಿ ಮೇಲೆ ಓಡುತ್ತದೆ. ಪ್ರಶ್ನೆ 161ನೇ ಪೋರ್ಟ್‌ಗೆ ಹೋಗುತ್ತದೆ, ಟ್ರ್ಯಾಪ್‌ಗಳು (ಸಾಧನ ತಾನಾಗಿ ಕಳಿಸುವ ಸೂಚನೆಗಳು) 162ಕ್ಕೆ ಬರುತ್ತವೆ. ಎರಡನೇ ಆವೃತ್ತಿಯಲ್ಲಿ, ಅಂದರೆ ವಿ2ಸಿಯಲ್ಲಿ, ಕಮ್ಯೂನಿಟಿ ಪದ (ಇಲ್ಲಿನ ಪಾಸ್‌ವರ್ಡ್) ತಪ್ಪಾದರೆ ಸ್ವಿಚ್ ‘ತಪ್ಪು’ ಅಂತ ಹೇಳುವುದಿಲ್ಲ. ಸುಮ್ನೆ ಇದ್ದುಬಿಡುತ್ತದೆ. ಪಾಸ್‌ವರ್ಡ್ ತಪ್ಪೋ, ಫೈರ್‌ವಾಲ್ ತಡೆದಿದೆಯೋ, ಸ್ವಿಚ್‌ನಲ್ಲಿ ಎಸ್‌ಎನ್‌ಎಂಪಿ ಆನ್ ಆಗಿಲ್ಲವೋ, ಮೂರಕ್ಕೂ ಟೂಲ್ ಕೊಡುವುದು ಒಂದೇ ಸಂದೇಶ: ಟೈಮ್‌ಔಟ್.

ಈ ಮೌನ ಬಿಡಿಸಲು ಊಹೆ ಬೇಡ. ಪ್ಯಾಕೆಟ್ ನೋಡಿ. ಮಾನಿಟರಿಂಗ್ ಸರ್ವರ್‌ನಲ್ಲಿ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಹೋಗಿಬರುವ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ, ಆ ಡಿವೈಸ್‌ನ ವಿಳಾಸವೊಂದನ್ನೇ ಸೋಸಿ. 161ನೇ ಪೋರ್ಟ್ ಅಂತ ಮಾತ್ರ ಸೋಸಬೇಡಿ, ಐಸಿಎಂಪಿ ತಪ್ಪಿಹೋಗುತ್ತದೆ. ಇನ್ನೊಂದರಲ್ಲಿ ಎಸ್‌ಎನ್‌ಎಂಪಿಗೆಟ್ ಮೂಲಕ 1.3.6.1.2.1.1.5.0 ಕೇಳಿ. ಎಸ್‌ಎನ್‌ಎಂಪಿಯಲ್ಲಿ ಪ್ರತಿ ಮಾಹಿತಿಗೂ ಇಂಥದ್ದೊಂದು ಸಂಖ್ಯೆ ಇರುತ್ತದೆ. ಇದು ಡಿವೈಸ್ ತನ್ನ ಹೆಸರು ಹೇಳುವ ಜಾಗ, ಉತ್ತರ ಪುಟ್ಟದು.

ಈಗ ಕಾಣುವುದು ಹೀಗಿರುತ್ತದೆ. ಪ್ರಶ್ನೆ ಹೋಗುತ್ತಿದೆ, ಮತ್ತೆ ಹೋಗುತ್ತಿದೆ, ಆ ಕಡೆಯಿಂದ ಏನೂ ಇಲ್ಲ ಎಂದರೆ ಮೊದಲು ಹೊರಡುವ ಪ್ಯಾಕೆಟ್‌ನ ಮೂಲ ವಿಳಾಸ ಓದಿ. ಸ್ವಿಚ್‌ನಲ್ಲಿ ‘ಈ ಐಪಿಯಿಂದ ಬಂದರೆ ಮಾತ್ರ ಉತ್ತರಿಸು’ ಎಂಬ ಪಟ್ಟಿ ಇರುತ್ತದೆ, ಇರಲೇಬೇಕು. ಸರ್ವರ್‌ಗೆ ಎರಡು ಐಪಿ ಇದ್ದರೆ ಅದು ಪಟ್ಟಿಯಲ್ಲಿಲ್ಲದ್ದರಿಂದ ಕೇಳುತ್ತಿರಬಹುದು. ಟೂಲ್ ಕಂಟೇನರ್ ಒಳಗೆ ಓಡುತ್ತಿದ್ದರೆ ಇದು ಇನ್ನೂ ಸಾಮಾನ್ಯ. ವಿಳಾಸ ಸರಿ ಇದ್ದರೆ ಮುಂದಿನ ಅನುಮಾನ ಕಮ್ಯೂನಿಟಿ ಪದ. ವಿ2ಸಿಯಲ್ಲಿ ಅದು ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಕ್ಯಾಪ್ಚರ್‌ನಲ್ಲಿ ಹಾಗೆಯೇ ಓದಬಹುದು. ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ನಿಮಗೆ ಓದಲು ಬಂದದ್ದು ದಾರಿಯಲ್ಲಿ ಕುಳಿತ ಬೇರೆಯವರಿಗೂ ಓದಲು ಬರುತ್ತದೆ. ‘ಪಬ್ಲಿಕ್’ ಅನ್ನುವ ಪದವನ್ನೇ ಇನ್ನೂ ಉಳಿಸಿಕೊಂಡಿದ್ದರೆ ದಯವಿಟ್ಟು ಇವತ್ತೇ ಬದಲಾಯಿಸಿ.

ಪ್ರಶ್ನೆ ಹೋದ ತಕ್ಷಣ ‘ಪೋರ್ಟ್ ತಲುಪಲಾಗುತ್ತಿಲ್ಲ’ ಎಂಬ ಐಸಿಎಂಪಿ ವಾಪಸ್ ಬಂದರೆ ಸಂತೋಷಪಡಿ, ಅದು ಸ್ಪಷ್ಟ ಉತ್ತರ. ಪ್ಯಾಕೆಟ್ ಅಲ್ಲಿಯವರೆಗೆ ತಲುಪಿದೆ, 161ರಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಲಿನಕ್ಸ್ ಸರ್ವರ್‌ಗಳಲ್ಲಿ ಇದು ತುಂಬ ಸಲ ಎದುರಾಗುತ್ತದೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಎಸ್‌ಎನ್‌ಎಂಪಿಗೆ ಉತ್ತರಿಸುವ ಎಸ್‌ಎನ್‌ಎಂಪಿಡಿ ಪ್ರೋಗ್ರಾಂ ಹಾಕಿದಾಗ ಅದು 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ. ಹೊರಗಿನವರಿಗೆ ಕಿವಿ ಮುಚ್ಚಿರುತ್ತದೆ. ಸೆಟ್ಟಿಂಗ್ ಫೈಲ್‌ನಲ್ಲಿ ಏಜೆಂಟ್ ವಿಳಾಸ (ಅದು ಕೇಳಿಸಿಕೊಳ್ಳುವ ಐಪಿ) ಬದಲಿಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಅದೇ ಫೈಲ್‌ನಲ್ಲಿ ‘ಸಿಸ್ಟಮ್‌ಓನ್ಲಿ’ ಅನ್ನುವ ವ್ಯೂ (ಯಾವ ಮಾಹಿತಿ ಹೊರಗೆ ತೋರಿಸಬೇಕು ಎಂಬ ಪಟ್ಟಿ) ಇರುತ್ತದೆ. ಅದು ಹೆಸರು, ವಿವರಣೆಯಂಥ ನಾಲ್ಕು ಮಾತು ಮಾತ್ರ ಹೊರಬಿಡುತ್ತದೆ. ಹಾಗಾಗಿ ಡಿವೈಸ್ ಪಟ್ಟಿಗೆ ಬರುತ್ತದೆ, ಆದರೆ ಪೋರ್ಟ್‌ಗಳೇ ಇರುವುದಿಲ್ಲ. ‘ಟೂಲ್ ಅರ್ಧ ಡಿಸ್ಕವರ್ ಮಾಡಿದೆ’ ಅನ್ನುವ ದೂರಿನ ಹಿಂದೆ ಅನೇಕ ಸಲ ಇದಿರುತ್ತದೆ.

ಉತ್ತರ ಬಂದಿದೆ, ಆದರೂ ಟೂಲ್ ಟೈಮ್‌ಔಟ್ ಅನ್ನುತ್ತಿದೆ ಎಂದರೆ ಉತ್ತರದ ಮೂಲ ವಿಳಾಸ ನೋಡಿ. ನೀವು 10.20.0.1ನ್ನು ಕೇಳಿದ್ದೀರಿ, ಉತ್ತರ 10.20.5.1ರಿಂದ ಬಂದಿದೆ. ಹಲವು ಇಂಟರ್‌ಫೇಸ್ ಇರುವ ರೂಟರ್ ತಾನು ಹೊರಡುವ ಬಾಗಿಲಿನ ಐಪಿ ಹಾಕಿಕೊಂಡು ಉತ್ತರಿಸಿದಾಗ ಹೀಗಾಗುತ್ತದೆ. ನಡುವಿನ ಫೈರ್‌ವಾಲ್ ‘ಇದನ್ನು ಯಾರೂ ಕೇಳಿಲ್ಲ’ ಎಂದು ಎಸೆಯುತ್ತದೆ, ಇಲ್ಲವೇ ಸರ್ವರ್ ತಾನೇ ಒಪ್ಪುವುದಿಲ್ಲ. ಸರ್ವರ್‌ಗೆ ಹತ್ತಿರದ ಇಂಟರ್‌ಫೇಸ್‌ನ ಐಪಿಯಿಂದ ಸೇರಿಸಿ. ಉತ್ತರಕ್ಕೆ ಲೂಪ್‌ಬ್ಯಾಕ್ ಐಪಿ (ಯಾವ ಬಾಗಿಲಿಗೂ ಕಟ್ಟಿಲ್ಲದ, ರೂಟರ್‌ನದ್ದೇ ಆದ ವಿಳಾಸ) ಬಳಸುವಂತೆ ಹೇಳಲು ರೂಟರ್‌ನಲ್ಲಿ ಅವಕಾಶವಿದ್ದರೆ ಅದು ಇನ್ನೂ ಒಳ್ಳೆಯದು.

ಇನ್ನೊಂದು ಚಿತ್ರ: ಹೆಸರು ಕೇಳಿದರೆ ಬರುತ್ತದೆ, ಇಂಟರ್‌ಫೇಸ್ ಟೇಬಲ್ ಕೇಳಿದರೆ ನಡುವೆ ನಿಂತುಹೋಗುತ್ತದೆ. ಟೂಲ್ ಒಂದೇ ಸಲಕ್ಕೆ ಬಹಳ ಸಾಲು ಕೇಳುತ್ತದೆ. ಉತ್ತರ 1500 ಬೈಟ್ ಮೀರಿದರೆ ತುಂಡಾಗಿ ಬರುತ್ತದೆ. ತುಂಡು ಪ್ಯಾಕೆಟ್‌ಗಳನ್ನು ಬಿಡದ ಫೈರ್‌ವಾಲ್ ಅಥವಾ ವಿಪಿಎನ್ ನಡುವೆ ಇದ್ದರೆ ಅಲ್ಲಿಗೆ ಕಥೆ ಮುಗಿಯಿತು. ಒಂದು ಸಲಕ್ಕೆ ಕೇಳುವ ಸಾಲುಗಳನ್ನು 10ಕ್ಕೆ ಇಳಿಸಿ ನೋಡಿ. ಸರಿಹೋದರೆ ಕಾರಣ ಸಿಕ್ಕಿತು. ಸರಿಹೋಗದಿದ್ದರೆ ಸ್ವಿಚ್‌ನ ಸಿಪಿಯು ಬಳಕೆ ನೋಡಿ. ಕೆಲಸದ ಒತ್ತಡ ಬಿದ್ದಾಗ ಸ್ವಿಚ್ ಪ್ಯಾಕೆಟ್ ಸಾಗಿಸುವುದಕ್ಕೆ ಮೊದಲ ಮಣೆ ಹಾಕುತ್ತದೆ. ನಮ್ಮ ಪ್ರಶ್ನೆಗೆ ಉತ್ತರಿಸುವುದು ಅದಕ್ಕೆ ಕೊನೆಯ ಕೆಲಸ, ಅದು ಸರಿಯೂ ಹೌದು.

ಮೂರನೇ ಆವೃತ್ತಿ ಮಾತನಾಡುತ್ತದೆ

ಎಸ್‌ಎನ್‌ಎಂಪಿ ವಿ3 ಕಷ್ಟ ಎಂದು ಹಲವರು ದೂರ ಇಡುತ್ತಾರೆ. ದೋಷ ಹುಡುಕುವ ವಿಷಯದಲ್ಲಿ ನನಗೆ ಅದೇ ಸುಲಭ ಅನಿಸುತ್ತದೆ. ವಿ2ಸಿ ಮೌನವಾಗಿರುವ ಕಡೆ ವಿ3 ಸಾಮಾನ್ಯವಾಗಿ ಕಾರಣ ಹೇಳುತ್ತದೆ. ಕ್ಯಾಪ್ಚರ್‌ನಲ್ಲಿ ‘ರಿಪೋರ್ಟ್’ ಎಂಬ ಉತ್ತರ ಬರುತ್ತದೆ, ಅದರೊಳಗೆ 1.3.6.1.6.3.15.1.1 ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದರ ಮುಂದಿನ ಅಂಕಿಯೇ ರೋಗದ ಹೆಸರು. 1 ಬಂದರೆ ಭದ್ರತೆಯ ಮಟ್ಟ ಹೊಂದುತ್ತಿಲ್ಲ, ಅಂದರೆ ನೀವು ಗೂಢಲಿಪಿ ಸಹಿತ ಕೇಳಿದ್ದೀರಿ, ಆ ಬಳಕೆದಾರನಿಗೆ ಅಲ್ಲಿ ಅದಿಲ್ಲ. 3 ಬಂದರೆ ಬಳಕೆದಾರನ ಹೆಸರೇ ಅಲ್ಲಿಲ್ಲ. 5 ಬಂದರೆ ದೃಢೀಕರಣದ ಪಾಸ್‌ವರ್ಡ್ ಅಥವಾ ಅದರ ಬಗೆ ತಪ್ಪು, ಒಂದು ಕಡೆ ಎಂಡಿ5, ಇನ್ನೊಂದು ಕಡೆ ಎಸ್‌ಎಚ್‌ಎ ಇದ್ದರೂ ಇದೇ. 6 ಬಂದರೆ ಗೂಢಲಿಪಿಯ ಪಾಸ್‌ವರ್ಡ್ ಹೊಂದುತ್ತಿಲ್ಲ, ಆದರೆ ಈ ಒಂದಕ್ಕೆ ಕೆಲವು ಸಾಧನಗಳು ಮೌನವಾಗಿಯೂ ಇರುತ್ತವೆ. 4 ಪ್ರತಿ ಮಾತುಕತೆಯ ಶುರುವಿನಲ್ಲಿ ಬರುತ್ತದೆ, ಪರಿಚಯದ ಭಾಗ ಅದು. ಅದನ್ನು ದೋಷ ಎಂದು ಓದಬೇಡಿ.

ಉಳಿದದ್ದು 2. ಇದು ಸ್ವಲ್ಪ ನಿಂತು ನೋಡುವಂಥದ್ದು. ಅದರರ್ಥ ‘ನಿನ್ನ ಸಮಯ ನನ್ನ ಸಮಯಕ್ಕೆ ಹೊಂದುತ್ತಿಲ್ಲ’. ಗೋಡೆ ಗಡಿಯಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರತಿ ವಿ3 ಸಾಧನ ತಾನು ಎಷ್ಟು ಸಲ ಬೂಟ್ ಆಗಿದ್ದೇನೆ, ಆದಮೇಲೆ ಎಷ್ಟು ಸೆಕೆಂಡ್ ಕಳೆದಿದೆ ಎಂದು ಲೆಕ್ಕ ಇಡುತ್ತದೆ. ಮಾನಿಟರ್ ಅದನ್ನು ನೆನಪಿಟ್ಟುಕೊಂಡು ಪ್ರತಿ ಪ್ರಶ್ನೆಯಲ್ಲೂ ಹೇಳಬೇಕು. 150 ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸಾಧನ ಒಪ್ಪುವುದಿಲ್ಲ. ಹಳೆಯ ಪ್ಯಾಕೆಟ್ ಹಿಡಿದು ಮತ್ತೆ ಕಳಿಸುವ ಕಳ್ಳರನ್ನು ತಡೆಯಲು ಮಾಡಿದ ಏರ್ಪಾಡು.

ಈಗ ಹೀಗೊಂದು ಸಂದರ್ಭ ನೋಡಿ. ಎರಡು ಹೊಸ ಸ್ವಿಚ್. ಒಂದಕ್ಕೆ ಕಾನ್ಫಿಗರೇಶನ್ ಬರೆದು, ಐಪಿ ಮತ್ತು ಹೆಸರು ಬದಲಿಸಿ ಇನ್ನೊಂದಕ್ಕೆ ಅಂಟಿಸಲಾಗಿದೆ. ಒಂದೊಂದನ್ನೇ ಕೈಯಾರೆ ಕೇಳಿದರೆ ಎರಡೂ ಸರಿಯಾಗಿ ಉತ್ತರಿಸುತ್ತವೆ. ಟೂಲ್‌ನಲ್ಲಿ ಮಾತ್ರ ಒಂದು ಹಸಿರಾದಾಗ ಇನ್ನೊಂದು ಕೆಂಪು, ಸ್ವಲ್ಪ ಹೊತ್ತಿಗೆ ಅದಲು ಬದಲು. ಕ್ಯಾಪ್ಚರ್‌ನಲ್ಲಿ ಮತ್ತೆ ಮತ್ತೆ ಆ 2. ಕಾರಣ ಎಂಜಿನ್ ಐಡಿ. ಪ್ರತಿ ವಿ3 ಸಾಧನಕ್ಕೂ ತನ್ನದೇ ಆದ ಎಂಜಿನ್ ಐಡಿ ಇರಬೇಕು. ಅಂಟಿಸಿದ ಕಾನ್ಫಿಗರೇಶನ್‌ನಲ್ಲಿ ಆ ಸಾಲೂ ಸೇರಿಕೊಂಡಿತ್ತು. ಮಾನಿಟರ್ ಬೂಟ್ ಲೆಕ್ಕ ನೆನಪಿಡುವುದು ಎಂಜಿನ್ ಐಡಿ ಹೆಸರಿನಲ್ಲಿ. ಒಂದು ಸ್ವಿಚ್‌ನ ಲೆಕ್ಕ ಹಿಡಿದು ಇನ್ನೊಂದರ ಹತ್ತಿರ ಹೋಗುತ್ತದೆ, ಅದು ವಾಪಸ್ ಕಳಿಸುತ್ತದೆ. ಎರಡನ್ನೂ 1.3.6.1.6.3.10.2.1.1.0 ಎಂದು ಕೇಳಿ ಹೋಲಿಸಿ. ಒಂದೇ ಬಂದರೆ ಒಂದರ ಐಡಿ ಬದಲಿಸಿ. ಬದಲಿಸಿದ ಮೇಲೆ ಆ ಸ್ವಿಚ್‌ನಲ್ಲಿ ವಿ3 ಬಳಕೆದಾರರನ್ನು ಅಳಿಸಿ ಮತ್ತೆ ಸೃಷ್ಟಿಸಬೇಕು. ಪಾಸ್‌ವರ್ಡ್‌ನಿಂದ ಕೀಲಿ ತಯಾರಾಗುವಾಗ ಎಂಜಿನ್ ಐಡಿಯೂ ಸೇರುತ್ತದೆ, ಹಾಗಾಗಿ ಹಳೆಯ ಕೀಲಿ ಕೆಲಸಕ್ಕೆ ಬರುವುದಿಲ್ಲ. ಇದನ್ನು ಬಿಟ್ಟರೆ 2ರ ಬದಲು 5 ಬರಲು ಶುರುವಾಗುತ್ತದೆ.

ಡಿಸ್ಕವರಿ ಮುಂದಕ್ಕೆ ಹೋಗುತ್ತಿಲ್ಲ

ಕೋರ್ ಸ್ವಿಚ್ (ಕಟ್ಟಡಗಳನ್ನೆಲ್ಲ ಸೇರಿಸುವ ನಡುವಿನ ಸ್ವಿಚ್) ಪಟ್ಟಿಯಲ್ಲಿದೆ, ಅದರಾಚೆ ಏನೂ ಇಲ್ಲ. ಟೂಲ್ ನೆರೆಯವರನ್ನು ತಿಳಿಯುವುದು ಮುಖ್ಯವಾಗಿ ಎಲ್‌ಎಲ್‌ಡಿಪಿ ಮೂಲಕ. 2005ರಲ್ಲಿ ಬಂದ 802.1ಎಬಿ ಎಂಬ ಮಾನದಂಡ ಇದು. ಪ್ರತಿ ಸಾಧನ 30 ಸೆಕೆಂಡಿಗೊಮ್ಮೆ ‘ನಾನು ಇಂಥವನು, ಇದು ನನ್ನ ಇಂಥ ಪೋರ್ಟ್’ ಎಂದು ಪಕ್ಕದವರಿಗೆ ಹೇಳುತ್ತದೆ. ಪಕ್ಕದವರು ಅದನ್ನು 120 ಸೆಕೆಂಡ್ ನೆನಪಿಡುತ್ತಾರೆ. ಸಿಸ್ಕೊ ಕಂಪನಿಯ ಇಂಥದ್ದೇ ಪ್ರೋಟೋಕಾಲ್ ಆದ ಸಿಡಿಪಿಯಲ್ಲಿ ಈ ಲೆಕ್ಕ 60 ಮತ್ತು 180.

ಮೊದಲು ಕೋರ್ ಸ್ವಿಚ್‌ಗೆ ಲಾಗಿನ್ ಆಗಿ ಎಲ್‌ಎಲ್‌ಡಿಪಿ ನೆರೆಯವರ ಪಟ್ಟಿ ತೆಗೆಯಿರಿ. ಅಲ್ಲೇ ಇಲ್ಲದಿದ್ದರೆ ಟೂಲ್ ಎಲ್ಲಿಂದ ತರಬೇಕು? ಎರಡೂ ತುದಿಯಲ್ಲಿ ಎಲ್‌ಎಲ್‌ಡಿಪಿ ಆನ್ ಇದೆಯೇ ನೋಡಿ. ಒಂದು ತುದಿ ಕಳಿಸುವುದಕ್ಕೆ ಮಾತ್ರ, ಇನ್ನೊಂದು ಕೇಳಿಸಿಕೊಳ್ಳುವುದಕ್ಕೆ ಮಾತ್ರ ಎಂದು ಇರುವುದೂ ಉಂಟು. ಪಟ್ಟಿಯಲ್ಲಿ ಇದ್ದೂ ಟೂಲ್‌ಗೆ ಬರುತ್ತಿಲ್ಲ ಎಂದರೆ 1.0.8802.1.1.2 ಅಡಿಯಲ್ಲಿ ಎಸ್‌ಎನ್‌ಎಂಪಿವಾಕ್ ಮಾಡಿ, ಅಂದರೆ ಆ ಸಂಖ್ಯೆಯ ಕೆಳಗಿನದ್ದೆಲ್ಲ ಕೇಳಿ. ಖಾಲಿ ಬಂದರೆ ಸ್ವಿಚ್‌ನ ವ್ಯೂ ಅದನ್ನು ಮುಚ್ಚಿದೆ. ಈ ಸಂಖ್ಯೆ 1.3 ಎಂದು ಶುರುವಾಗುವುದಿಲ್ಲ ಎನ್ನುವುದನ್ನು ಗಮನಿಸಿ. ವ್ಯೂ ಬರೆಯುವಾಗ 1.3.6.1 ಮಾತ್ರ ಸೇರಿಸಿದವರಿಗೆ ಉಳಿದೆಲ್ಲ ಬರುತ್ತದೆ, ನೆರೆಯವರು ಮಾತ್ರ ಬರುವುದಿಲ್ಲ.

ಅದೂ ಸರಿ ಇದ್ದರೆ ಟೂಲ್‌ನ ನಿಯಮಗಳಿಗೆ ಬನ್ನಿ. ಲಿಬ್ರೆಎನ್‌ಎಂಎಸ್ ಉದಾಹರಣೆ ತೆಗೆದುಕೊಂಡರೆ, ನೀವು ಅನುಮತಿಸಿದ ಸಬ್‌ನೆಟ್‌ಗಳ ಹೊರಗಿನದನ್ನು ಅದು ಸೇರಿಸುವುದಿಲ್ಲ. ನೆರೆಯ ಸ್ವಿಚ್ ಹೇಳಿಕೊಂಡ ಹೆಸರು ಡಿಎನ್‌ಎಸ್‌ನಲ್ಲಿ ಸಿಗದಿದ್ದರೂ ಸೇರಿಸುವುದಿಲ್ಲ, ಐಪಿ ಮೂಲಕ ಸೇರಿಸು ಎಂದು ಬೇರೆಯಾಗಿ ಹೇಳಬೇಕು. ಒಂದೇ ಹೆಸರಿನ ಎರಡನೇ ಸಾಧನ ಬಂದರೆ ‘ಇದು ಆಗಲೇ ಇದೆ’ ಎಂದು ಬಿಡುತ್ತದೆ. ಹೊಸ ಸ್ವಿಚ್‌ಗಳಿಗೆ ಹೆಸರು ಕೊಡದೆ ಬಿಟ್ಟರೆ ಎಲ್ಲವೂ ‘ಸ್ವಿಚ್’ ಎಂದೇ ಇರುತ್ತವಲ್ಲ, ಮೊದಲನೆಯದು ಮಾತ್ರ ಪಟ್ಟಿಗೆ ಬರುತ್ತದೆ. ನಕಲು ಹೆಸರಿಗೂ ಅನುಮತಿ ಕೊಡುವ ಸೆಟ್ಟಿಂಗ್ ಇದೆ. ಅದನ್ನು ಒತ್ತುವ ಬದಲು ಪ್ರತಿ ಸ್ವಿಚ್‌ಗೂ ಸರಿಯಾದ ಹೆಸರು ಇಡಿ. ಕಟ್ಟಡ, ಮಹಡಿ, ಸಂಖ್ಯೆ, ಅಷ್ಟಿದ್ದರೆ ಸಾಕು. ಇನ್ನು ಡಿಸ್ಕವರಿ ಮೊದಲೇ ಕೊಟ್ಟ ಸೆಟ್ಟಿಂಗ್‌ನಲ್ಲಿ 6 ಗಂಟೆಗೊಮ್ಮೆ ಓಡುತ್ತದೆ, 5 ನಿಮಿಷಕ್ಕೊಮ್ಮೆ ಓಡುವುದು ಪೋಲಿಂಗ್, ಅಂದರೆ ಆಗಲೇ ಪಟ್ಟಿಯಲ್ಲಿರುವವನ್ನು ಕೇಳುವುದು. ಬದಲಾವಣೆ ಮಾಡಿ ಹತ್ತು ನಿಮಿಷ ಕಾದು ‘ಬರಲಿಲ್ಲ’ ಅನ್ನುವ ಬದಲು ಆ ಡಿವೈಸ್‌ಗೆ ಡಿಸ್ಕವರಿಯನ್ನು ಕೈಯಾರೆ ಓಡಿಸಿ.

ನಕ್ಷೆ ಸುಳ್ಳು ಹೇಳುತ್ತಿದೆ

ಎರಡು ಸ್ವಿಚ್ ನೇರ ಜೋಡಿಯಾದಂತೆ ನಕ್ಷೆ ತೋರಿಸುತ್ತದೆ, ಹೋಗಿ ನೋಡಿದರೆ ನಡುವೆ ಇನ್ನೊಂದು ಚಿಕ್ಕ ಸ್ವಿಚ್ ಇದೆ. ಎಲ್‌ಎಲ್‌ಡಿಪಿ ಪ್ಯಾಕೆಟ್ 01:80:ಸಿ2:00:00:0ಇ ಎಂಬ ವಿಳಾಸಕ್ಕೆ ಹೋಗುತ್ತದೆ. ನಿಯಮ ಪಾಲಿಸುವ ಸ್ವಿಚ್ ಅದನ್ನು ಮುಂದೆ ದಾಟಿಸಬಾರದು. ಅಗ್ಗದ ಕೆಲವು ಸ್ವಿಚ್‌ಗಳು ದಾಟಿಸುತ್ತವೆ. ಸಿಡಿಪಿಯ ವಿಳಾಸ ಬೇರೆ, ಅದು ಪರಿಚಯವಿಲ್ಲದ ಸ್ವಿಚ್ ಅದನ್ನು ಎಲ್ಲ ಪೋರ್ಟ್‌ಗೂ ಹರಡುತ್ತದೆ. ಒಂದೇ ಪೋರ್ಟ್‌ನಲ್ಲಿ ಮೂರು ನಾಲ್ಕು ನೆರೆಯವರು ಕಂಡರೆ ಅಲ್ಲಿ ಲೆಕ್ಕಕ್ಕೆ ಸಿಗದ ಸ್ವಿಚ್ ಇದೆ ಎಂದೇ ತಿಳಿಯಿರಿ. ಐಪಿ ಫೋನ್ ಹಿಂದೆ ಕಂಪ್ಯೂಟರ್ ಹಾಕಿದಾಗಲೂ ಎರಡು ಮ್ಯಾಕ್ ಕಾಣುತ್ತವೆ, ಅದು ಸರಿಯಾದದ್ದೇ.

ಆ ಗ್ರಂಥಾಲಯದ ಪ್ರಿಂಟರ್‌ಗೆ ಬರೋಣ. ಯಾವ ಐಪಿ ಯಾವ ಪೋರ್ಟ್‌ನಲ್ಲಿದೆ ಎಂದು ತಿಳಿಯಲು ಟೂಲ್ ಎರಡು ಟೇಬಲ್ ಜೋಡಿಸುತ್ತದೆ. ರೂಟರ್‌ನ ಎಆರ್‌ಪಿ ಟೇಬಲ್ ಐಪಿಗೆ ಮ್ಯಾಕ್ ಕೊಡುತ್ತದೆ. ಸ್ವಿಚ್‌ನ ಮ್ಯಾಕ್ ಟೇಬಲ್ ಮ್ಯಾಕ್‌ಗೆ ಪೋರ್ಟ್ ಕೊಡುತ್ತದೆ. ತೊಂದರೆ ಏನೆಂದರೆ ಎರಡರ ಆಯುಸ್ಸು ಬೇರೆ. ಮ್ಯಾಕ್ ಟೇಬಲ್ ಸಾಮಾನ್ಯವಾಗಿ 300 ಸೆಕೆಂಡಿಗೆ ಮರೆತುಬಿಡುತ್ತದೆ. ಸಿಸ್ಕೊ ರೂಟರ್‌ನ ಎಆರ್‌ಪಿ 4 ಗಂಟೆ ನೆನಪಿಡುತ್ತದೆ. ಪ್ರಿಂಟರ್ ಗಂಟೆಗಟ್ಟಲೆ ಮಾತಾಡದ ಪ್ರಾಣಿ. ಟೂಲ್ ಕೇಳುವ ಹೊತ್ತಿಗೆ ಎಆರ್‌ಪಿಯಲ್ಲಿ ಇರುತ್ತದೆ, ಸ್ವಿಚ್‌ನಲ್ಲಿ ಇರುವುದಿಲ್ಲ. ಆಗ ಟೂಲ್ ಕೊನೆಯ ಸಲ ಎಲ್ಲಿ ಕಂಡಿತ್ತೋ ಅದನ್ನೇ ತೋರಿಸುತ್ತದೆ. ಪ್ರಿಂಟರ್ ಕಳೆದ ತಿಂಗಳು ಆಡಳಿತ ಕಟ್ಟಡದಲ್ಲಿದ್ದರೆ ಇಂದಿಗೂ ಅಲ್ಲೇ. ಪರಿಹಾರ ಸರಳ. ಮ್ಯಾಕ್ ಟೇಬಲ್ ಓದುವ ಮೊದಲು ಆ ಸಬ್‌ನೆಟ್‌ಗೆ ಒಂದು ಸುತ್ತು ಪಿಂಗ್ ಕೊಡಿ. ಮಲಗಿದವರೆಲ್ಲ ಎದ್ದು ಉತ್ತರಿಸುತ್ತಾರೆ, ಸ್ವಿಚ್‌ಗಳಿಗೆ ಗುರುತು ಮತ್ತೆ ಸಿಗುತ್ತದೆ.

ಹಳೆಯ ಸಿಸ್ಕೊ ಸ್ವಿಚ್‌ಗಳಲ್ಲಿ ಇನ್ನೊಂದು ತೊಡಕಿದೆ. ಮ್ಯಾಕ್ ಟೇಬಲ್ ಅನ್ನು ಸುಮ್ನೆ ಕೇಳಿದರೆ 1ನೇ ವಿಲ್ಯಾನ್‌ನದ್ದು ಮಾತ್ರ ಬರುತ್ತದೆ. 10ನೇ ವಿಲ್ಯಾನ್‌ನದ್ದು ಬೇಕಾದರೆ ಕಮ್ಯೂನಿಟಿ ಪದದ ಕೊನೆಗೆ @10 ಸೇರಿಸಿ ಕೇಳಬೇಕು. ವಿ3ರಲ್ಲಿ ಇದಕ್ಕೆ ಕಾಂಟೆಕ್ಸ್ಟ್ ಎಂಬುದನ್ನು ಸ್ವಿಚ್‌ನಲ್ಲಿ ತೆರೆಯಬೇಕು. ವಿ2ಸಿಯಿಂದ ವಿ3ಗೆ ಬದಲಾದ ಮರುದಿನ ನಕ್ಷೆ ಬರಿದಾದರೆ ಹುಡುಕಬೇಕಾದ ಜಾಗ ಇದು.

ಪಟ್ಟಿಯಲ್ಲಿ ದಿನದಿನಕ್ಕೆ ಗುರುತಿಲ್ಲದ ಮ್ಯಾಕ್‌ಗಳು ಬೆಳೆಯುತ್ತಿದ್ದರೆ ಅವು ಬಹುಪಾಲು ಮೊಬೈಲ್‌ಗಳು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನ್‌ಗಳು ವೈಫೈಗೆ ಕೃತಕ ಮ್ಯಾಕ್ ಬಳಸುತ್ತವೆ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯ ವಿಳಾಸವಲ್ಲ. ಅಂಥವನ್ನು ಆಸ್ತಿ ಪಟ್ಟಿಯಿಂದ ಹೊರಗಿಡಿ.

ಕರೆಂಟ್ ಹೋಗಿ ಬಂದ ಮೇಲೆ

ವಿದ್ಯುತ್ ಕಡಿತದ ನಂತರ ಕಾಣುವ ವಿಚಿತ್ರಗಳಿಗೆ ಒಂದು ಸಾಮಾನ್ಯ ಕಾರಣ ಇಂಟರ್‌ಫೇಸ್ ಸಂಖ್ಯೆ. ಎಸ್‌ಎನ್‌ಎಂಪಿ ಪ್ರತಿ ಪೋರ್ಟ್‌ಗೂ ಒಂದು ಸಂಖ್ಯೆ ಕೊಡುತ್ತದೆ. ಕೆಲವು ಸಾಧನಗಳಲ್ಲಿ ರೀಬೂಟ್ ಆದಾಗ ಅದು ಬದಲಾಗುತ್ತದೆ. ಟೂಲ್ ಸಂಖ್ಯೆಯನ್ನೇ ನಂಬಿದ್ದರೆ ನಿನ್ನೆಯ ಅಪ್‌ಲಿಂಕ್ (ಮೇಲಿನ ಸ್ವಿಚ್‌ಗೆ ಹೋಗುವ ಕೊಂಡಿ) ಗ್ರಾಫ್‌ನಲ್ಲಿ ಇವತ್ತು ಯಾವುದೋ ಕೋಣೆಯ ಪೋರ್ಟ್‌ನ ಅಂಕಿ ಓಡುತ್ತಿರುತ್ತದೆ. ಸಾಧನದಲ್ಲಿ ಸಂಖ್ಯೆ ಉಳಿಸಿಕೊಳ್ಳುವ ಸೆಟ್ಟಿಂಗ್ ಆನ್ ಮಾಡಿ, ಅಥವಾ ಟೂಲ್‌ನಲ್ಲಿ ಪೋರ್ಟ್ ಹೆಸರಿನ ಮೇಲೆ ಜೋಡಿಸಲು ಹೇಳಿ.

ಕರೆಂಟ್ ಹೋಗದೆಯೇ ‘ರೀಬೂಟ್ ಆಯಿತು’ ಎಂಬ ಅಲರ್ಟ್ ಬಂದರೆ? ಆ ಸ್ವಿಚ್ ಎಷ್ಟು ದಿನದಿಂದ ಓಡುತ್ತಿತ್ತು ನೋಡಿ. 1.3.6.1.2.1.1.3.0 ಎಂಬಲ್ಲಿ ಸಮಯ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಕೆಯಾಗುತ್ತದೆ. ಆ ಎಣಿಕೆಗೆ 32 ಬಿಟ್ ಜಾಗ ಮಾತ್ರ. 497 ದಿನ ದಾಟಿದ ಕೂಡಲೇ ಸೊನ್ನೆಗೆ ಮರಳುತ್ತದೆ. ಒಂದೇ ದಿನ ಹಾಕಿದ ಹತ್ತು ಸ್ವಿಚ್ ಒಂದೇ ದಿನ ‘ರೀಬೂಟ್’ ಆಗಬಹುದು. ವಿ3 ಎಂಜಿನ್‌ನ ಸಮಯ ಸೆಕೆಂಡಿನಲ್ಲಿ ಎಣಿಸುತ್ತದೆ, 1.3.6.1.6.3.10.2.1.3.0 ಕೇಳಿ ತಾಳೆ ನೋಡಿ.

ಟ್ರಾಫಿಕ್ ಎಣಿಕೆಯಲ್ಲೂ ಇದೇ 32 ಬಿಟ್ ಸಮಸ್ಯೆ. 1 ಗಿಗಾಬಿಟ್ ಪೂರ್ತಿ ತುಂಬಿ ಹರಿದರೆ ಆ ಕೌಂಟರ್ 34 ಸೆಕೆಂಡಿಗೇ ಸುತ್ತು ಮುಗಿಸುತ್ತದೆ. 5 ನಿಮಿಷಕ್ಕೊಮ್ಮೆ ಓದುವ ಟೂಲ್‌ಗೆ ಎಷ್ಟು ಸುತ್ತು ಹೋಯಿತು ಅಂತ ಹೇಗೆ ಗೊತ್ತಾಗಬೇಕು? ಲಿಂಕ್ ತುಂಬಿ ಜನ ಬೈಯುತ್ತಿರುವಾಗ ಗ್ರಾಫ್ ಮಾತ್ರ ಶಾಂತವಾಗಿರುತ್ತದೆ. 64 ಬಿಟ್ ಕೌಂಟರ್ 1.3.6.1.2.1.31.1.1.1.6 ಅಡಿಯಲ್ಲಿದೆ, ಅದು ಮೊದಲನೇ ಆವೃತ್ತಿಯಲ್ಲಿ ಸಿಗುವುದಿಲ್ಲ. ಯಾವುದಾದರೂ ಸಾಧನವನ್ನು ವಿ1 ಎಂದು ಸೇರಿಸಿದ್ದರೆ ಬದಲಿಸಿ.

ಬಿದ್ದು ಏಳುವ ಲಿಂಕ್

ದಿನಕ್ಕೆ ಹತ್ತು ಸಲ ಡೌನ್, ಹತ್ತು ಸಲ ಅಪ್. ಒಂದು ಪಿಂಗ್ ತಪ್ಪಿದ ಕೂಡಲೇ ಅಲರ್ಟ್ ಎಂದು ಇಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಸತತ ಮೂರು ಸಲ ತಪ್ಪಿದರೆ ಕೆಂಪು, ಸತತ ಎರಡು ಸಲ ಬಂದರೆ ಹಸಿರು ಎಂದು ಇಡುವುದು ನನ್ನ ಅಭ್ಯಾಸ. ಆಮೇಲೂ ನಿಲ್ಲದಿದ್ದರೆ ಎರಡೂ ತುದಿಯ ಪೋರ್ಟ್‌ನ ದೋಷ ಎಣಿಕೆ ತೆಗೆಯಿರಿ. ಒಂದು ಕಡೆ ಸಿಆರ್‌ಸಿ ದೋಷ (ಕೆಟ್ಟು ಬಂದ ಪ್ಯಾಕೆಟ್), ಇನ್ನೊಂದು ಕಡೆ ತಡವಾದ ಡಿಕ್ಕಿ (ಲೇಟ್ ಕೊಲಿಷನ್) ಏರುತ್ತಿದ್ದರೆ ಡ್ಯೂಪ್ಲೆಕ್ಸ್ (ಒಟ್ಟಿಗೆ ಕಳಿಸಿ ಪಡೆಯುವುದೋ, ಸರದಿಯಲ್ಲೋ ಎಂಬ ಸೆಟ್ಟಿಂಗ್) ಹೊಂದುತ್ತಿಲ್ಲ. ಒಂದು ತುದಿಯಲ್ಲಿ ವೇಗ ಮತ್ತು ಡ್ಯೂಪ್ಲೆಕ್ಸ್ ಅನ್ನು ಕೈಯಾರೆ ಕಟ್ಟಿದ್ದಾರೆ, ಇನ್ನೊಂದು ತುದಿ ಆಟೋದಲ್ಲಿದೆ. ಸಿಆರ್‌ಸಿ ಮಾತ್ರ ಏರುತ್ತಿದ್ದರೆ ಕೇಬಲ್, ಕನೆಕ್ಟರ್, ಫೈಬರ್ ಮಾಡ್ಯೂಲ್ ಈ ಕ್ರಮದಲ್ಲಿ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದು ಅಂತ ತಿಳಿಯದೆ ಕೆಟ್ಟ ಕೇಬಲ್ ಮತ್ತೆ ಸ್ಟೋರ್ ರೂಮ್ ಸೇರುತ್ತದೆ.

ಸರಿಪಡಿಸಿದ ಮೇಲೆ

ಹಸಿರಾದ ಕೂಡಲೇ ದೂರು ಮುಚ್ಚಬೇಡಿ. ಬಳಕೆ ಕಡಿಮೆ ಇರುವ ಹೊತ್ತು ನೋಡಿ, ಸಂಬಂಧಪಟ್ಟವರಿಗೆ ತಿಳಿಸಿ, ಅದೇ ಸ್ವಿಚ್‌ನ ಅಪ್‌ಲಿಂಕ್ ಕೇಬಲ್ ಕಿತ್ತು ಗಡಿಯಾರ ನೋಡಿ. ಪರದೆ ಕೆಂಪಾಗಲು ಎಷ್ಟು ಹೊತ್ತು, ಮೊಬೈಲ್‌ಗೆ ಅಲರ್ಟ್ ಬರಲು ಎಷ್ಟು ಹೊತ್ತು, ಹಿಂದಿನ ಸಾಧನಗಳ ಅಲರ್ಟ್ ತಡೆಯಾಯಿತೇ ಇಲ್ಲವೇ, ಬರೆದಿಡಿ. ಕೇಬಲ್ ಮತ್ತೆ ಹಾಕಿ ಹಸಿರಾಗುವ ಸಮಯವನ್ನೂ ಬರೆಯಿರಿ. ಕೆಂಪಾದ, ಹಸಿರಾದ ಎರಡು ಅಂಕಿಯೂ ಪೋಲಿಂಗ್ ಅವಧಿಗೆ ಮತ್ತು ನೀವು ಇಟ್ಟ ‘ಸತತ ಮೂರು ಸಲ’, ‘ಸತತ ಎರಡು ಸಲ’ ಲೆಕ್ಕಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ದೂರು ತೆರೆದೇ ಇರಲಿ.